ಗಾಡಿಯ ಹೊಟ್ಟೆ ತಣ್ಣಗಿರಲಿ

ನನಗೆ ಮೋಟಾರು ನಡೆಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಆಳಂದದ ತವರಿನಲ್ಲಿದ್ದಾಗ ಒಮ್ಮೆ ಎತ್ತಿನ ಬಂಡಿಯ ಹಗ್ಗ ಹಿಡಿದಿದ್ದೆ; ಎತ್ತುಗಳಿಗೆ ಹೊಲದ ದಾರಿ ಗೊತ್ತಿದ್ದುದರಿಂದ ಆ ಸಾಹಸದಲ್ಲಿ ನನ್ನ ಪಾಲು ಬಹಳ ಇರಲಿಲ್ಲ. ಇಂಥವಳು ಒಂದು ವಿಲಾಯತಿ ಮೋಟಾರಿನ ಹೊಟ್ಟೆಯ ಬಗ್ಗೆ ಬರೆಯಲು ಕುಳಿತಿದ್ದಾಳೆಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ನಮ್ಮ ಮನೆಯಲ್ಲೂ ನಕ್ಕಿದ್ದಾರೆ.

ಸಂಜೆ ದೀಪ ಹಚ್ಚಿ, ವಿಭೂತಿ ಧರಿಸಿ ಕುಳಿತಾಗ ಶಿವ ಆ ದಿನ ಮಾಡಿದ ಉಪಕಾರಗಳನ್ನು ನೆನೆಯುವುದು ನನ್ನ ಅಭ್ಯಾಸ. ದೊಡ್ಡ ಉಪಕಾರಗಳು ಕರೆಯದೆಯೇ ಬಂದು ಮುಂದೆ ಕೂಡುತ್ತವೆ. ಸಣ್ಣವನ್ನು ಹುಡುಕಬೇಕು. ಹಾಲು ಒಡೆಯಲಿಲ್ಲ, ರೊಟ್ಟಿ ಹರಿಯಲಿಲ್ಲ, ನೆಂಟರು ಬರುವ ಹೊತ್ತಿಗೆ ಸರಿಯಾಗಿ ನಳ ಬಂತು ಎಂಬಂಥವು. ಹೀಗೆ ಹುಡುಕುವಾಗ ಎಷ್ಟೋ ಸಲ ನನ್ನ ಕೈಗೆ ಆ ಮೋಟಾರೇ ಸಿಗುತ್ತದೆ. ಅದು ನಮ್ಮ ಮನೆ ಬಿಟ್ಟು ಹೋಗಿ ವರ್ಷಗಳಾದವು. ಉಪಕಾರ ಮಾತ್ರ ಇಲ್ಲೇ ಉಳಿದಿದೆ.

ನಮ್ಮ ಕಡೆ ಉಂಡು ಎದ್ದವರು ಉಣಿಸಿದವರಿಗೆ ‘ನಿನ್ನ ಹೊಟ್ಟಿ ತಣ್ಣಗಿರ್ಲಿ ತಾಯಿ’ ಎಂದು ಹರಸಿ ಹೋಗುತ್ತಾರೆ. ಅಫಜಲಪುರದ ಬಿಸಿಲನ್ನು ತಲೆಯ ಮೇಲೆ ಹೊತ್ತವರಿಗೆ ಇದಕ್ಕಿಂತ ದೊಡ್ಡ ಆಶೀರ್ವಾದ ಹೊಳೆಯುವುದಾದರೂ ಹೇಗೆ? ಆ ಮೋಟಾರು ಹುಟ್ಟಿದ ದೇಶದಲ್ಲಿ ಹಾಗಲ್ಲವಂತೆ. ಅಲ್ಲಿ ಅತಿಥಿಗೆ ಬೆಚ್ಚಗಿನ ಸ್ವಾಗತ ಕೊಡುತ್ತಾರಂತೆ. ನಮ್ಮ ಮನೆಯವರು ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಓದಿ ಇಂಥವನ್ನೆಲ್ಲ ಹೇಳುತ್ತಿದ್ದರು. ಚಳಿಗಾಲದಲ್ಲಿ ಇಂಜಿನ್ನಿನ ಮುಂದೆ ಕಂಬಳಿ ಕಟ್ಟಬೇಕು, ಇಲ್ಲದಿದ್ದರೆ ಅದು ನಡುಗುತ್ತದೆ ಎಂದು ಆ ಪುಸ್ತಕದಲ್ಲಿ ಬರೆದಿತ್ತು. ವೈಶಾಖದಲ್ಲಿ ನಮ್ಮೂರಿನವರು ಬೆಚ್ಚಗಿನ ಸ್ವಾಗತ ಕೊಟ್ಟರೆ ಆ ಅತಿಥಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ನಾವು ಮೊದಲು ಕಾಲಿಗೆ ನೀರು ಕೊಡುತ್ತೇವೆ, ಆಮೇಲೆ ಕುಡಿಯಲು ನೀರು, ಅದಾದ ಮೇಲೆ ಮಾತು. ಹಾಗಾಗಿ ಆ ಗಾಡಿಯ ಮೇಲೆ ನನಗೆ ಮೊದಲಿನಿಂದಲೂ ಮರುಕ. ಚಳಿಯ ಊರಲ್ಲಿ ಬೆಳೆದ ಹೆಣ್ಣನ್ನು ನಮ್ಮ ಬಿಸಿಲಿಗೆ ಕೊಟ್ಟಿದ್ದಾರಲ್ಲ ಎಂದು.

ನಾನೂ ಹಾಗೆ ಕೊಟ್ಟ ಮನೆಗೆ ಬಂದವಳೇ. ಆದರೆ ನನ್ನ ಕಥೆ ತಿರುಗಾಮುರುಗಾ. ಆಳಂದದ ನಮ್ಮ ಮನೆಯಲ್ಲಿ ಖಾರವಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಗಂಡನ ಮನೆಗೆ ಬಂದರೆ ಅಲ್ಲಿ ಎಲ್ಲವೂ ಸಪ್ಪೆ. ಪಲ್ಯ ಸಪ್ಪೆ, ಸಾರು ಸಪ್ಪೆ, ಮೆಣಸಿನಕಾಯಿಯ ಹಿಂಡಿಯೂ ನಾಚಿಕೊಂಡಂತೆ. ಕೇಳಿದರೆ, ‘ನಿಮ್ಮ ಮಾವನವರಿಗೆ ಹೊಟ್ಟಿ ಉರಿ ಇತ್ತು, ಅವಾಗಿಂದ ನಮ್ಮನ್ಯಾಗ ಖಾರ ಕಡಿಮಿ’ ಎಂದು ಅತ್ತೆ ಹೇಳಿದ್ದರು. ಮಾವನವರನ್ನು ನಾನು ನೋಡಿಲ್ಲ. ನಾನು ಬರುವ ಮೊದಲೇ ಲಿಂಗೈಕ್ಯರಾಗಿದ್ದರು. ಹೋದವರ ಹೊಟ್ಟೆ ಉರಿಗಾಗಿ ಇದ್ದವರು ಸಪ್ಪೆ ಉಣ್ಣುವುದು ನನಗೆ ವಿಚಿತ್ರವೆನಿಸಿತ್ತು. ಆದರೂ ಹೊಸ ಸೊಸೆ ಮೆಣಸಿನಕಾಯಿಗಾಗಿ ಜಗಳ ತೆಗೆಯಬಾರದು. ಸುಮ್ಮನೆ ಉಂಡೆ. ಉಣ್ಣುತ್ತಾ ವರ್ಷಗಳಾದವು.

ಗಾಡಿಯೂ ಮಾವನವರದ್ದೇ. ಅವರದು ಅಫಜಲಪುರದಲ್ಲಿ ಬಟ್ಟೆ ಅಂಗಡಿ. ನಿಜಾಮರ ಆಡಳಿತ ಹೋದ ಮೇಲೆ ಆಳಂದದ ಕಡೆಯ ಒಬ್ಬ ಜಾಗೀರದಾರರು ವಾಡೆ ಖಾಲಿ ಮಾಡಿ ಹೈದರಾಬಾದಿಗೆ ಹೊರಟಾಗ ಕೊಂಡದ್ದು. ಮುಂದೆ ಇಬ್ಬರೇ ಕೂಡಬೇಕು. ಹಿಂದೆ ಒಂದು ಮುಚ್ಚಳ. ಎತ್ತಿದರೆ ಅದೇ ಇನ್ನೊಂದು ಆಸನವಾಗುತ್ತದೆ, ಅದಕ್ಕೆ ಡಿಕ್ಕಿ ಸೀಟು ಎನ್ನುತ್ತಿದ್ದರು. ತಲೆಯ ಮೇಲೆ ಸೂರಿಲ್ಲ. ನಮ್ಮ ಮನೆಯವರು ಅದನ್ನು ಬಹಳ ಹೆಮ್ಮೆಯಿಂದ ‘ಸ್ಪೋರ್ಟ್ಸ್ ಕಾರು’ ಎಂದು ಕರೆಯುತ್ತಿದ್ದರು. ಒಮ್ಮೆ ಅತ್ತೆ ಕೇಳಿದರು, “ಸ್ಪೋರ್ಟ್ಸ್ ಅಂದ್ರ ಏನಲೇ ಶಿವು?”

“ಆಟ ಅಂತ, ಯವ್ವಾ.”

“ಅದಕ್ಕ ನಮಗ ಆಟಾ ಆಡಸ್ತದ ಬಿಡು.”

ಆಟವೇ ಆಡಿಸುತ್ತಿತ್ತು. ಚಂದ ಒರೆಸಿ, ಪೂಜೆ ಮಾಡಿ ಹೊರಡಿಸಿದರೆ ಊರ ಬಾಗಿಲಾದ ಅಗಸಿ ದಾಟುವಷ್ಟರಲ್ಲಿ ಮೂಗಿನಿಂದ ಹೊಗೆ. ಹೊಗೆಯಲ್ಲ, ಉಗಿ. ಇನ್ನೊಂದಿಷ್ಟು ಹೋದರೆ ಒಳಗೆ ನೀರು ತಳಮಳ ಕುದಿಯುವ ಸದ್ದು. ಆಮೇಲೆ ಎತ್ತುಗಳನ್ನು ಕಟ್ಟಿ ಎಳೆದು ತರಬೇಕು. ಎತ್ತುಗಳು ಆ ಗಾಡಿಯನ್ನು ನೋಡಿದರೆ ಮುಖ ತಿರುಗಿಸುತ್ತಿದ್ದವು.

ಕೊನೆಗೆ ಅದು ದನದ ಕೊಟ್ಟಿಗೆಯಲ್ಲಿ ಜೋಳದ ಕಣಿಕೆಯ ಬಣವೆಯ ಪಕ್ಕದಲ್ಲಿ ನಿಂತಿತು. ಹಾಗೆ ನಿಂತಿರುವಾಗಲೇ ಹಳೆಯ ಮೋಟಾರುಗಳ ಹುಚ್ಚಿನ ಸೋಲಾಪುರದ ಶೇಠರೊಬ್ಬರು ಬಂದು ನೋಡಿದರು. ಓಡದ ಗಾಡಿಗೆ ದಿನಾ ಸೇವೆ ಮಾಡಿ ಸಾಕಾಗಿದ್ದ ನಮ್ಮ ಮನೆಯವರು, ಬಸವ ಜಯಂತಿ ಆದ ಮೇಲೆ ಒಯ್ಯಿರಿ ಎಂದು ಮಾತು ಕೊಟ್ಟರು. ಅತ್ತೆ ಎಲ್ಲ ಕೇಳಿಸಿಕೊಂಡರು. ಶೇಠರು ಚಹಾ ಕುಡಿದು ಹೋದ ಮೇಲೆ ಹೇಳಿದರು:

“ಮಾರಪಾ. ನಾ ಬ್ಯಾಡ ಅನ್ನಂಗಿಲ್ಲ. ಖರೇ, ಅದರಾಗ ಕುಂತು ಒಮ್ಮಿ ಗಾಣಗಾಪುರಕ್ಕ ಹೋಗಿ ಮಧ್ಯಾಹ್ನದ ಭಿಕ್ಷಾ ನೀಡಿ ಬರ್ತೇನಿ. ಆಮ್ಯಾಲ ಒಯ್ಲಿ.”

“ಬಸ್ಸಿನ್ಯಾಗ ಹೋಗೂಣು, ಯವ್ವಾ.”

“ಬಸ್ಸಿಗಿ ಹೋಗೀನಿ, ಬಂಡಿಗಿ ಹೋಗೀನಿ. ಇದರಾಗ ಹೋಗಿಲ್ಲ.”

ಹಿಂದೆ ಮದುವೆಯಾದ ಹೊಸತರಲ್ಲಿ ಮಾವನವರು ಅವರನ್ನು ಈ ಗಾಡಿಯಲ್ಲಿ ಗಾಣಗಾಪುರಕ್ಕೆ ಹೊರಡಿಸಿದ್ದರು, ಅರ್ಧ ದಾರಿಯಲ್ಲಿ ಅದು ಕುದ್ದು ನಿಂತು ಯಾರದೋ ಬಂಡಿಯಲ್ಲಿ ಮನೆಗೆ ಮರಳಿದರು ಎಂಬಷ್ಟು ನಮಗೆ ಗೊತ್ತಿತ್ತು. ಅದನ್ನು ಈಗ ಪೂರೈಸುವ ಹಟ ಏಕೆ ಎಂಬುದು ಗೊತ್ತಿರಲಿಲ್ಲ. ಅತ್ತೆಗೆ ಆ ವರ್ಷ ಕಣ್ಣಿಗೆ ಪೊರೆ ಬಂದಿತ್ತು, ಎದೆಯೂ ಅಷ್ಟು ಸರಿಯಿರಲಿಲ್ಲ. ‘ಮುಂದಿನ ವರ್ಷ ನೋಡೋಣ’ ಎಂಬ ಮಾತನ್ನು ಅವರ ವಿಷಯದಲ್ಲಿ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಮಗ ಒಪ್ಪಿಕೊಂಡರು. ಬಸವ ಜಯಂತಿಯೊಳಗೆ ಆ ಗಾಡಿ ಕುದಿಯದೆ ಗಾಣಗಾಪುರ ಮುಟ್ಟಬೇಕು.

ನಸುಕಿನ ತಂಪಿನಲ್ಲಿ ಹೊರಟರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಅತ್ತೆಯ ಲಿಂಗಪೂಜೆ ನೀವು ನೋಡಿಲ್ಲ. ಅದು ಮುಗಿಯುವುದು ಬಿಸಿಲು ಅಂಗಳಕ್ಕೆ ಇಳಿದು, ಹೊಸ್ತಿಲು ಏರಿ, ಪಡಸಾಲೆಯಲ್ಲಿ ಕಾಲು ಚಾಚಿದ ಮೇಲೆ. ಶಿವನಿಗೆ ಅವಸರ ಮಾಡಿಸುವಂತಿಲ್ಲ. ಗಾಡಿಯನ್ನೇ ತಂಪು ಮಾಡಬೇಕು.

ಖಾಜಾ ಮಿಸ್ತ್ರಿ ಬಂದರು. ಬಸ್ ನಿಲ್ದಾಣದ ಹಿಂದೆ ಟ್ರಾಕ್ಟರು, ಪಂಪು, ಲಾರಿ ಏನು ಕೊಟ್ಟರೂ ಬಿಚ್ಚುವವರು. ಜೋಡಿಸುವುದು ಆಮೇಲಿನ ಮಾತು. ವಿನಯ ಎಂಬ ಗುಣ ಅವರ ಹತ್ತಿರ ಸುಳಿದಿರಲಿಲ್ಲ. “ಜೇವರ್ಗಿಯಿಂದ ಆಳಂದದ ತನಕ ನಾ ಮುಟ್ಟಲಾರದ ಇಂಜಿನ್ ಇಲ್ರಿ ಸಾವ್ಕಾರ್ರ” ಎನ್ನುತ್ತ ಬಾನೆಟ್ ಎತ್ತಿದರು. ಎತ್ತಿ ಬಹಳ ಹೊತ್ತು ನೋಡಿದರು. ಅವರ ಮುಖ ನೋಡಿದರೆ ಇದೇ ಆ ಮುಟ್ಟದ ಇಂಜಿನ್ ಎಂದು ನನಗೆ ತಿಳಿಯಿತು.

“ಇದಕ್ಕ ನೀರಿನ ಪಂಪೇ ಇಲ್ಲಲ್ರಿ.”

ಇಲ್ಲ, ಅದು ಹಾಗೇ ಇರುವುದು ಎಂದು ನಮ್ಮ ಮನೆಯವರು ಪುಸ್ತಕ ತೆರೆದರು. ಬಿಸಿಯಾದ ನೀರು ತಾನೇ ಮೇಲೇರುತ್ತದೆ, ಮುಂದಿನ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಇಳಿಯುತ್ತ ಗಾಳಿಗೆ ಆರುತ್ತದೆ, ಆರಿದ ನೀರು ಕೆಳಗಿನಿಂದ ಇಂಜಿನ್ನಿಗೆ ಹೋಗುತ್ತದೆ. ಯಾರೂ ದೂಡಬೇಕಿಲ್ಲ. ಇದು ನನಗೆ ಕೂಡಲೇ ಅರ್ಥವಾಯಿತು. ಬಚ್ಚಲ ಹಂಡೆಯಲ್ಲಿ ಮೇಲೆ ಕೈ ಇಟ್ಟರೆ ಸುಡುತ್ತದೆ, ಅಡಿಯಲ್ಲಿ ಇನ್ನೂ ತಣ್ಣಗೆ. ಅದೇ ಶಿವನ ಏರ್ಪಾಡು. ಖಾಜಾ ಮಿಸ್ತ್ರಿಗೆ ಮಾತ್ರ ಪಂಪಿಲ್ಲದ ಇಂಜಿನ್ನು ಎದೆ ಬಡಿಯದ ಮನುಷ್ಯನಂತೆ ಕಂಡಿತು. ಎರಡು ದಿನ ಅಲ್ಲಿ ಬಿಗಿದು, ಇಲ್ಲಿ ಸಡಿಲಿಸಿ, ಅತ್ತೆಯ ಎದುರು ಕೈ ಒರೆಸುತ್ತ ತೀರ್ಪು ಕೊಟ್ಟರು:

“ಗಾಡಿಗಿ ಗರ್ಮಿ ಆಗ್ಯಾದ್ರಿ ಅವ್ವಾರ. ಬಹಳ ಹಳೀ ಗರ್ಮಿ.”

ಇಲ್ಲಿ ನಾನು ಒಂದು ಮಾತು ಹೇಳಬೇಕು. ಗರ್ಮಿ ಎಂಬುದು ಹೈದರಾಬಾದಿನ ಕಡೆಯಿಂದ ಬಂದು ನಮ್ಮ ಬಾಯಲ್ಲಿ ನೆಲೆಸಿದ ಪದ. ಬಂದ ಮನೆಯಲ್ಲಿ ಸುಮ್ಮನೆ ಕೂಡಲಿಲ್ಲ, ಒಳ್ಳೆಯ ಸೊಸೆಯಂತೆ ಸಿಕ್ಕ ಕೆಲಸವನ್ನೆಲ್ಲ ಮಾಡುತ್ತದೆ. ಬಿಸಿಲಿಗೂ ಗರ್ಮಿ, ಸಿಟ್ಟಿಗೂ ಗರ್ಮಿ. ಬಾಯಿ ಹುಣ್ಣಾದರೆ, ಕಣ್ಣು ಉರಿದರೆ, ಉರಿಮೂತ್ರವಾದರೆ, ಮೈಗೆ ಗರ್ಮಿ ಆಗಿದೆ ಎನ್ನುತ್ತೇವೆ. ಮೈಯ ಗರ್ಮಿಗೆ ಔಷಧಿ ಎಲ್ಲ ಮನೆಯಲ್ಲೂ ಇದೆ: ಸಬ್ಜಾ. ಕಾಮಕಸ್ತೂರಿಯ ಕರಿ ಬೀಜ. ನೀರಿಗೆ ಹಾಕಿದರೆ ಒಂದೊಂದೂ ಲೋಳೆಯ ಅಂಗಿ ತೊಟ್ಟು ಉಬ್ಬುತ್ತದೆ. ಕುಡಿದರೆ ಹೊಟ್ಟೆ ತಂಪು.

ಮರುದಿನ ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅತ್ತೆ ಎದ್ದು ಕೊಟ್ಟಿಗೆಗೆ ಹೋಗಿ, ದಿನಾ ನೀರು ಹುಯ್ಯುವ ಬಾಯಿಯ ಮುಚ್ಚಳ ತೆಗೆದು, ನೆನೆಸಿದ ಸಬ್ಜಾ ನೀರನ್ನು ತಂಬಿಗೆಗಟ್ಟಲೆ ಗಾಡಿಗೆ ಕುಡಿಸಿದರು. ಯಾರಿಗೂ ಹೇಳಲಿಲ್ಲ. ಮನೆಮದ್ದು ಕೊಟ್ಟದ್ದನ್ನು ಹೇಳಿದರೆ ಅದರ ಗುಣ ಹೋಗುತ್ತದೆ ಎಂಬುದು ಅವರ ತವರು ಮಣ್ಣೂರಿನ ನಂಬಿಕೆ.

ಅಂದು ಸಂಜೆ ಪರೀಕ್ಷೆಗೆ ಹೊರಟ ಗಾಡಿ ಅಗಸಿಯನ್ನೂ ಕಾಣಲಿಲ್ಲ. ನಮ್ಮ ಓಣಿಯ ತಿರುವಿನಲ್ಲೇ ಭುಸುಗುಟ್ಟಿ ನಿಂತಿತು. ಆರಿದ ಮೇಲೆ ಖಾಜಾ ಮಿಸ್ತ್ರಿ ಮುಚ್ಚಳ ತೆಗೆದು ಇಣುಕಿದರು. ಇಣುಕಿ ಹಿಂದೆ ಸರಿದರು.

“ಸಾವ್ಕಾರ್ರ, ಇದರಾಗ ಕಪ್ಪಿ ತತ್ತಿ ಹಾಕ್ಯಾದ್ರಿ.”

ನಮ್ಮ ಮನೆಯವರು ಇಣುಕಿದರು. ಓಣಿಯ ಮಂದಿ ಇಣುಕಿದರು. ಕುದಿಯುವ ನೀರಿನಲ್ಲಿ ತತ್ತಿ ಇಡುವ ಕಪ್ಪೆಯ ಧೈರ್ಯದ ಬಗ್ಗೆ ಮಾತಾಯಿತು. ಕೊನೆಗೆ ನಾನು ಸೆರಗು ಸರಿಮಾಡಿಕೊಂಡು ಇಣುಕಿ, ನೋಡಿದ್ದು ಅರ್ಥವಾಗಿ, ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆಯ ಕಡೆ ತಿರುಗಿದೆ.

“ಕಪ್ಪಿ ಅಲ್ಲಲೇ ಖಾಜಾ, ಸಬ್ಜಾ ಅದ” ಎಂದರು ಅತ್ತೆ, ಸ್ವಲ್ಪವೂ ಅಳುಕದೆ.

“ಯಾರ್ ಹಾಕ್ಯಾರ್ರಿ?”

“ನಾನೇ. ಗರ್ಮಿ ಆಗ್ಯಾದ ಅಂದವ ನೀನೇ ಅಲ್ಲೇನು?”

“ನಾ ಹೇಳಿದ್ದು ಬ್ಯಾರೆ ಗರ್ಮಿ, ಅವ್ವಾರ.”

“ಗರ್ಮಿಯೊಳಗ ನಿಂದೊಂದು ನಂದೊಂದು ಇರ್ತದೇನೋ? ಒಂದ ಹಿಡಿ ಸಾಲಲಿಲ್ಲ ಅಂತ ಕಾಣಸ್ತದ. ವಿಲಾಯತಿ ಮೈ ನೋಡು.”

ನಮ್ಮ ಮನೆಯವರು ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ತಾಯಿಯ ಪಕ್ಕ ಕುಳಿತರು. ಬಸವ ಜಯಂತಿ ಹತ್ತಿರ ಬಂದಿತ್ತು. ಬೀಜವೆಲ್ಲ ನಳಿಗೆಗಳಲ್ಲಿ ಸಿಕ್ಕಿಕೊಂಡಿದೆ, ನೀರು ಹುಯ್ದರೆ ಹೋಗುವುದಿಲ್ಲ, ರೇಡಿಯೇಟರನ್ನು ಪೂರ್ತಿ ಇಳಿಸಿ, ಮೇಲಿನ ಹಿತ್ತಾಳೆಯ ತೊಟ್ಟಿಯ ಬೆಸುಗೆ ಬಿಡಿಸಬೇಕು ಎಂದರು ಮಿಸ್ತ್ರಿ. ಅಷ್ಟು ದೊಡ್ಡ ಕೆಲಸಕ್ಕೆ ಅವರೂ ಅಲ್ಲಿಯ ತನಕ ಕೈ ಹಾಕಿರಲಿಲ್ಲ. ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ. “ಮಾಡಾಕ ಹೋಗಿ ನಾನೇ ಕೆಡಿಸಿದ್ನೇನ, ನೀಲಾ?” ಎಂದು ನನ್ನನ್ನು ಕೇಳಿದರು. ಅವರು ಹಾಗೆ ಕೇಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ. “ಶಿವ ಮಾಡಸ್ಯಾನ್ರಿ, ಸುಮ್ಮ ಮಾಡಸಂಗಿಲ್ಲ” ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದು. ಅದು ನಿಜವಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ತೊಟ್ಟಿ ಬಿಚ್ಚಿದರು. ಸಬ್ಜಾ ಮೇಲೆಯೇ ಇತ್ತು. ಅದರ ಕೆಳಗೆ ನಳಿಗೆಗಳ ಬಾಯಿ ಕಾಣಲೇ ಇಲ್ಲ. ಬಿಳಿಯ, ಕಲ್ಲಿನಂಥ ಸುಣ್ಣ ಕಟ್ಟಿ ಹೆಚ್ಚಿನವು ಮುಚ್ಚಿಹೋಗಿದ್ದವು. ಇಷ್ಟು ವರ್ಷ ಬಿಸಿನೀರು ಇಳಿಯಲು ದಾರಿಯೇ ಇರಲಿಲ್ಲ. ಖಾಜಾ ಮಿಸ್ತ್ರಿ ಬಹಳ ಹೊತ್ತು ನೋಡಿ, ಅತ್ತೆಯ ಕಡೆ ತಿರುಗಿ, “ನೀವು ಬೀಜಾ ಹಾಕದಿದ್ರ ನಾ ಇದನ್ನ ಬಿಚ್ಚತಿದ್ದಿಲ್ರಿ ಅವ್ವಾರ” ಎಂದರು. ಅವರ ಬಾಯಿಂದ ಬಂದ ವಿನಯದ ಮಾತು ನನಗೆ ನೆನಪಿರುವುದು ಅದೊಂದೇ. ಮರುಗಳಿಗೆಗೆ, “ಖರೇ, ನನಗ ಮೊದಲೇ ಸಂಶೇ ಇತ್ತು” ಎಂದು ಸೇರಿಸಿದರು.

ಆ ಸುಣ್ಣ ನಮಗೆ ಹೊಸದಲ್ಲ. ನಮ್ಮ ಹಿತ್ತಲ ಬಾವಿಯದು ಸವಳು ನೀರು. ಬಚ್ಚಲ ಹಂಡೆಯ ತಳದಲ್ಲಿ ಅದೇ ಸುಣ್ಣ ಕಟ್ಟುತ್ತದೆ. ಹುಣಸೆಹಣ್ಣಿನ ಹುಳಿಯಲ್ಲಿ ನೆನೆಸಿ ತಿಕ್ಕುತ್ತೇವೆ. ಮಿಸ್ತ್ರಿ ತೇಜಾಬು, ಎಂದರೆ ಆಸಿಡ್ಡು, ಹಾಕೋಣ ಎಂದರು. ಹಿತ್ತಾಳೆಯನ್ನೂ ತಿಂದೀತು ಎಂದು ನಮ್ಮ ಮನೆಯವರು ಹೆದರಿದರು. ಅತ್ತೆ ಅಟ್ಟದಿಂದ ಹುಣಸೆಹಣ್ಣಿನ ಗಡಿಗೆಯನ್ನೇ ಇಳಿಸಿ ತರಿಸಿದರು. ಹುಳಿ ಕಾಯಿಸಿ ದೊಡ್ಡ ಪಾತ್ರೆಗೆ ಸುರಿದು, ರೇಡಿಯೇಟರನ್ನು ಅದರಲ್ಲಿ ಮುಳುಗಿಸಿಟ್ಟೆವು. ಮನೆಯೆಲ್ಲ ಸಾರಿನ ವಾಸನೆ. ನೆರೆಮನೆಯಾಕೆ ಬಂದು, “ಏನ್ ಅಡಗಿ ನಡ್ಸೀರಿ ಅಕ್ಕಾರ, ಘಮ್ಮಂತದ?” ಎಂದಳು. “ಮೋಟಾರು” ಎಂದೆ. ಮತ್ತೇನೂ ಕೇಳದೆ ಹೋದಳು. ಹುಳಿ ಸುಣ್ಣವನ್ನು ಮೆತ್ತಗೆ ಮಾಡಿತು, ಉಳಿದದ್ದನ್ನು ಮಿಸ್ತ್ರಿ ತೆಳ್ಳನೆಯ ಕಡ್ಡಿ ಹಾಕಿ ಒಂದೊಂದೇ ನಳಿಗೆಯಿಂದ ಕಿವಿ ತೆಗೆದಂತೆ ತೆಗೆದು ಮತ್ತೆ ಬೆಸೆದರು.

ಇನ್ನು ಯಾವ ನೀರು ಹುಯ್ಯುವುದು? ಸವಳು ನೀರೇ ಹುಯ್ದರೆ ಮತ್ತೆ ಅದೇ ಕಥೆ. ಪುಸ್ತಕದಲ್ಲಿ ಮಳೆನೀರು ಎಂದಿತ್ತು. ನಮ್ಮಲ್ಲಿ ಆ ಕಾಲದಲ್ಲಿ ಮಳೆನೀರು ಕೇಳುವುದೆಂದರೆ ಹಾವಿನ ಕಾಲು ಕೇಳಿದಂತೆ. ಆದರೆ ತೊಗರಿಯ ಸೀಮೆಯ ಹೆಂಗಸರಿಗೆ ನೀರಿನ ಜಾತಿ ಗೊತ್ತಿರುತ್ತದೆ. ಸವಳು ನೀರಲ್ಲಿ ಬೇಳೆ ಬೇಯುವುದಿಲ್ಲ. ಕಟ್ಟಿಗೆ ಸುಟ್ಟು ಬೂದಿಯಾದರೂ ಕಾಳು ಕಾಳಾಗಿಯೇ ನಗುತ್ತಿರುತ್ತದೆ. ಅದಕ್ಕೆಂದೇ ನಾವು ಮಠದ ಬಾವಿಯಿಂದ ಸಿಹಿನೀರಿನ ಒಂದು ಕೊಡ ತಂದಿಡುತ್ತಿದ್ದೆವು, ಅದರ ಹೆಸರೇ ಬೇಳೆ ನೀರು. “ಬ್ಯಾಳಿ ಬೇಯೂ ನೀರು ಹಾಕ್ರಿ” ಎಂದರು ಅತ್ತೆ. “ನಮಗ ಬೇಯಬಾರದಲ್ಲ, ಯವ್ವಾ” ಎಂದರು ಮಗ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕರು. ಸಂಜೆ ನಾನು ಅದನ್ನು ಉಪಕಾರಗಳಲ್ಲಿ ಸೇರಿಸಿದೆ.

ನಮ್ಮ ಮನೆಯವರೂ ಸುಮ್ಮನಿರಲಿಲ್ಲ. ಇಂಜಿನ್ನು ನಡೆಯುತ್ತಿರುವಾಗ ನನ್ನ ಹಳೆಯ ಸೀರೆಯ ತುಂಡೊಂದನ್ನು ರೇಡಿಯೇಟರಿನ ಮುಂದೆ ಹಿಡಿದು ನೋಡಿದರು. ನಡುವೆ ಹಿಡಿದರೆ ಬಟ್ಟೆ ಅಂಟಿಕೊಳ್ಳುತ್ತದೆ, ಅಂಚಿನಲ್ಲಿ ಹಿಡಿದರೆ ಜಾರಿ ಬೀಳುತ್ತದೆ. ಅಂದರೆ ಹಿಂದಿನ ಫ್ಯಾನು ಗಾಳಿಯನ್ನು ನಡುವಿನಿಂದ ಮಾತ್ರ ಎಳೆಯುತ್ತಿದೆ, ಉಳಿದ ಕಡೆ ಗಾಳಿಯೇ ಇಲ್ಲ. ಬಟ್ಟೆ ವ್ಯಾಪಾರಿಗೆ ಎಲ್ಲ ಸತ್ಯವೂ ಬಟ್ಟೆಯಲ್ಲೇ ಕಾಣುವುದು. ಫ್ಯಾನಿನ ಸುತ್ತ ತಗಡಿನ ಒಂದು ಬಳೆ ಮಾಡಿ ಕೂರಿಸಿದರೆ ಗಾಳಿ ಬೇರೆ ಕಡೆ ಸೋರುವುದಿಲ್ಲ ಎಂದು ಮಿಸ್ತ್ರಿಗೆ ಹೊಳೆಯಿತು. ಊದುಗೊಳವೆಯೂ ಹಾಗೇ ಅಲ್ಲವೇ? ಬರೀ ಬಾಯಿಂದ ಊದಿದರೆ ಉಸಿರು ಮನೆಯೆಲ್ಲ ಹೋಗುತ್ತದೆ, ಕೊಳವೆಯಿಂದ ಊದಿದರೆ ಒಲೆಗೇ ಹೋಗುತ್ತದೆ. ಶೇಂಗಾ ಎಣ್ಣೆಯ ಖಾಲಿ ಡಬ್ಬಿ ಕತ್ತರಿಸಿ ಬಳೆ ಮಾಡಿದರು. ಬಾನೆಟ್ ಎತ್ತಿದರೆ ಒಳಗೊಂದು ಶೇಂಗಾ ಬಳ್ಳಿಯ ಚಿತ್ರ ಕಾಣುತ್ತಿತ್ತು.

ಫ್ಯಾನಿಗೆ ಇನ್ನೂ ಹೆಚ್ಚು ರೆಕ್ಕೆಗಳು ಬೇಕಿದ್ದವು. ಜೇವರ್ಗಿಯಲ್ಲಿ ನಮ್ಮ ನಾದಿನಿಯ ಮನೆ. ನಮ್ಮ ಮಕ್ಕಳು ಬೇಸಿಗೆ ರಜೆಗೆ ಅಲ್ಲೇ ಹೋಗಿದ್ದರು. ನಾದಿನಿಯ ಗಂಡ ಅಲ್ಲಿಯ ಗುಜರಿಯಲ್ಲಿ ಹಳೆಯ ಟ್ರಾಕ್ಟರಿನ ಫ್ಯಾನೊಂದನ್ನು ಹುಡುಕಿ, ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿಕೊಟ್ಟರು. ಕೌದಿಯಲ್ಲಿ ಕೂಸಿದೆ ಎಂದು ತಿಳಿದು ಯಾರೋ ಮುದುಕಿ ಅಫಜಲಪುರದ ತನಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳಂತೆ. ಇಳಿಯುವಾಗ, “ಭಾಳ ಶಾಣ್ಯಾ ಕೂಸದ, ಅಳಲೇ ಇಲ್ಲ” ಎಂದಳಂತೆ. ಕಂಡಕ್ಟರ್ ಹೇಳಿದ ಮಾತು. ಎಷ್ಟು ನಿಜವೋ ಶಿವನಿಗೇ ಗೊತ್ತು.

ಬಸವ ಜಯಂತಿಗೆ ಒಂದೆರಡು ದಿನ ಇರುವಾಗ ಹೊರಟೆವು. ಮುಂದೆ ಅತ್ತೆ, ಮಗ. ಹಿಂದಿನ ಡಿಕ್ಕಿ ಸೀಟಿನಲ್ಲಿ ನಾನು, ನನ್ನ ಪಕ್ಕ ಭಿಕ್ಷೆಯ ಬುತ್ತಿ, ತೊಡೆಯ ಮೇಲೆ ಒಂದು ಕೊಡ ಬೇಳೆ ನೀರು. ಕುದ್ದರೆ ಇರಲಿ ಎಂದು. ಊರ ಮಂದಿ ನೋಡುವಂತೆ ತಲೆಯ ಮೇಲೆ ಸೂರಿಲ್ಲದೆ, ಕೊಡ ಹೊತ್ತ ಗಂಗವ್ವನಂತೆ ಕುಳಿತು ಹೋಗುವುದು ನನಗೆ ಬಹಳ ನಾಚಿಕೆ. ಅಗಸಿ ದಾಟಿತು. ಉಗಿ ಇಲ್ಲ. ಕಪ್ಪು ನೆಲದ ಬೆಂಗಾಡು ಎರಡೂ ಕಡೆ ಬಿರಿದು ಬಿದ್ದಿತ್ತು, ಗಾಳಿ ಒಲೆಯ ಬಾಯಿಂದ ಬಂದಂತೆ. ಬಿಸಿ ತೋರಿಸುವ ಮುಳ್ಳೊಂದನ್ನು ಮಿಸ್ತ್ರಿ ಮುಂದೆ ಕೂರಿಸಿದ್ದರು. ಅತ್ತೆಗೆ ಅದು ಕಾಣದು. ಮಗುವಿಗೆ ಜ್ವರ ನೋಡಿದಂತೆ ಮತ್ತೆ ಮತ್ತೆ ಕೇಳುತ್ತಿದ್ದರು:

“ಈಗ ಹ್ಯಾಂಗದ?”

“ತಣ್ಣಗದ, ಯವ್ವಾ.”

“ಈಗ?”

“ಈಗೂ ತಣ್ಣಗದ.”

ಚೌಡಾಪುರ ಇನ್ನೂ ಮುಂದಿರುವಾಗ ರಸ್ತೆಯ ಪಕ್ಕ ಒಂದು ದೊಡ್ಡ ಬೇವಿನ ಮರ, ಅದರಾಚೆ ಒಂದು ಬಾವಿ. ಪೊರೆ ಬಂದ ಕಣ್ಣಿಗೂ ಆ ನೆರಳು ಹೇಗೆ ತಿಳಿಯಿತೋ, ಅತ್ತೆ “ನಿಲ್ಲಸು” ಎಂದರು.

“ಯಾಕ ಯವ್ವಾ? ಕುದ್ದಿಲ್ಲ.”

“ಕುದ್ರೇ ನಿಲ್ಲಬೇಕೇನು? ನಿಲ್ಲಸು.”

ಇಳಿದು, ಮರದ ಬುಡದ ಉಬ್ಬಿದ ಬೇರನ್ನು ಕೈಯಿಂದ ತಡವಿ ಅದರ ಮೇಲೆ ಕುಳಿತರು. ನನ್ನನ್ನು ಪಕ್ಕಕ್ಕೆ ಕರೆದರು. ಮಗ ಗಾಡಿಯ ಹತ್ತಿರ ಮುಳ್ಳು ನೋಡುತ್ತ ನಿಂತಿದ್ದರು, ಆದರೆ ಕಿವಿ ಈ ಕಡೆಯೇ ಇತ್ತು.

“ಅವತ್ತ ಇಲ್ಲೇ ಕುದ್ದು ನಿಂತಿತ್ತು. ನಿಮ್ಮ ಮಾವನವರು ಆ ಬಾವಿಗಿ ಹೋಗಿ ನೀರು ತಂದ್ರು. ಮೊದಲ ಗಾಡಿಗಿ ಹಾಕಲಿಲ್ಲ ಬೇ, ನನಗ ಕುಡಿಸಿದ್ರು. ಆಮ್ಯಾಲ ಗಾಡಿ ಆರೂತನ ಇದೇ ಬೇರಿನ ಮ್ಯಾಲ ಕುಂತ್ವಿ. ಮದಿವಿ ಆಗಿ ವರ್ಷ ಆಗಿತ್ತು. ಮನ್ತುಂಬ ಮಂದಿ. ಹಗಲಾಗ ಅವರ ಮಾರಿ ನಾ ಅವತ್ತೇ ನೋಡಿದ್ದು.”

“ಏನ್ ಮಾತಾಡಿದ್ರಿ?” ಎಂದು ಕೇಳಿದೆ. ಕೇಳಬಾರದಿತ್ತೇನೋ.

“ಏನಿಲ್ಲ. ನಿನಗ ನಮ್ಮನಿ ಖಾರ ಸೇರ್ತದೇನು ಅಂತ ಕೇಳಿದ್ರು. ಸೇರಂಗಿಲ್ರಿ, ಹೊಟ್ಟಿ ಉರೀತದ ಅಂದೆ. ಅಲ್ಲೀತನ ಯಾರಿಗೂ ಹೇಳಿದ್ದಿಲ್ಲ. ಮರುದಿನ ಅವರೇ ತಾಯಿ ಮುಂದ, ನನಗ ಹೊಟ್ಟಿ ಉರಿಯಾಕತ್ತದ, ಇನ್ನ ಮ್ಯಾಲ ಖಾರ ಕಡಿಮಿ ಹಾಕ್ರಿ ಅಂದ್ರು. ಖರೇ ಅವರಿಗಿ ಏನೂ ಆಗಿದ್ದಿಲ್ಲ. ಬದುಕಿದ್ದಷ್ಟು ದಿನಾ ಸಪ್ಪಾನೇ ಉಂಡ್ರು.”

ಇಷ್ಟು ವರ್ಷ ಆ ಸಪ್ಪೆ ಸಾರಿನಲ್ಲಿ ಏನಿತ್ತೆಂದು ತಿಳಿಯದೆ ಉಂಡಿದ್ದೆನಲ್ಲ.

“ಕಡೀಕ, ಇನ್ನೊಮ್ಮಿ ಕುದೀಲಾರದಂಗ ಕರಕೊಂಡು ಹೋಗ್ತೇನಿ ಅಂದಿದ್ರು. ಆ ಮಾತು ಉಳೀತು. ಹೋದವರ ಮಾತು ಉಳೀಬಾರದು ನೋಡು, ಅವರಿಗಿ ಭಾರ ಆಗ್ತದ” ಎಂದು ಎದ್ದರು. ಕೊಡದ ನೀರನ್ನು ಬೇವಿನ ಬುಡಕ್ಕೆ ಹುಯ್ಯಿಸಿದರು. “ಇನ್ನ ಬೇಕಾಗಂಗಿಲ್ಲ ಅದು.”

ಬೇಕಾಗಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಗಾಣಗಾಪುರ ಮುಟ್ಟಿದೆವು. ನಾವು ಲಿಂಗವಂತರಾದರೂ ಆ ಊರಿನ ಮಧ್ಯಾಹ್ನದ ಭಿಕ್ಷೆಗೆ ನಮ್ಮ ಸೀಮೆಯವರೆಲ್ಲ ಕೈ ನೀಡುತ್ತಾರೆ. ಆ ಹೊತ್ತಿಗೆ ದತ್ತ ಯಾವ ವೇಷದಲ್ಲಾದರೂ ಬೇಡಲು ಬರುತ್ತಾನೆಂದು ನಂಬಿಕೆ, ಹಸಿದು ಬಂದವನ ಜಾತಿ ಕೇಳುವುದು ನಮ್ಮ ಪಾಠದಲ್ಲೂ ಇಲ್ಲ. ಮೊದಲು ಎರಡು ಹೊಳೆಗಳ ಸಂಗಮಕ್ಕೆ ಹೋಗಿ ಕಾಲು ತೊಳೆದೆವು. ಮಣ್ಣೂರಿನ ಕಡೆಯಿಂದ ಬಂದ ಭೀಮೆ ಅತ್ತೆಯ ತವರಿನವಳು, ಆಳಂದದಿಂದ ಬಂದ ಅಮರ್ಜೆ ನನ್ನ ತವರಿನವಳು. ಬೇಸಿಗೆಯಲ್ಲಿ ಇಬ್ಬರೂ ಬಡಕಲು. ಆದರೂ ಕೂಡುವ ಜಾಗದಲ್ಲಿ ಕೂಡಿದ್ದರು. ಅತ್ತೆ ನನ್ನ ಕೈ ಹಿಡಿದೇ ಮೇಲೆ ಬಂದರು.

ಬುತ್ತಿ ಬಿಚ್ಚಿ ಅತ್ತೆ ತಮ್ಮ ಕೈಯಾರೆ ನೀಡಿದರು. ಜೋಳಿಗೆಯ ಒಬ್ಬ ಮುದುಕ ಉಂಡು ಎದ್ದು, “ನಿನ್ನ ಹೊಟ್ಟಿ ತಣ್ಣಗಿರ್ಲಿ ತಾಯಿ” ಎಂದ.

“ನಂದು ತಣ್ಣಗಾತಪಾ. ಆ ಗಾಡೀದು ತಣ್ಣಗಿರ್ಲಿ ಅನ್ನು.”

ಮುದುಕ ಗಾಡಿಯನ್ನು ನೋಡಿದ, ಅತ್ತೆಯನ್ನು ನೋಡಿದ, ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ಹಾಗೇ ಹರಸಿದ. ಬಿಸಿಲಿಗೆ ಕಾದ ತಗಡು, ಕೈ ಚುರ್ರೆಂದಿರಬೇಕು. ಆದರೂ ಮಾತು ಮುಗಿಸಿಯೇ ಕೈ ತೆಗೆದ.

ಹೊರಡುವ ಹೊತ್ತಿಗೆ ಅತ್ತೆ ಹೊಸ ರಾಗ ತೆಗೆದರು. ಮಣ್ಣೂರಿನ ಅವರ ಗೆಳತಿ ಶಾಂತವ್ವ ಅಲ್ಲೇ ಧರ್ಮಶಾಲೆಯಲ್ಲಿ ಇದ್ದರು. ಆ ರಾತ್ರಿ ಅವರ ಹತ್ತಿರ ಇದ್ದು, ಮುಂಜಾನೆಯ ಪೂಜೆ ನೋಡಿ ಇಬ್ಬರೂ ಬಸ್ಸಿಗೆ ಬರುತ್ತಾರಂತೆ. ಬೇಡ ಎಂದರೆ ಕೇಳಬೇಕಲ್ಲ. ನಾನು ರೂಢಿಯಂತೆ ಹಿಂದಿನ ಸೀಟಿಗೆ ಕಾಲೆತ್ತಿದೆ.

“ಹಿಂದ ಯಾರಿಗಿ ಕಾಯಾಕ ಕೂಡ್ತಿ ಬೇ? ಮುಂದ ಖಾಲಿ ಅದಲ್ಲ” ಎಂದರು ಅತ್ತೆ. ಶಾಂತವ್ವ ಸೆರಗು ಬಾಯಿಗೆ ಹಿಡಿದು ನಕ್ಕರು.

ಮುಂದೆ ಕುಳಿತೆ. ಅದೇ ಮೊದಲು, ಅದೇ ಕೊನೆ. ಬಸವ ಜಯಂತಿ ಮುಗಿದ ಮೇಲೆ ಶೇಠರು ಬಂದು ಗಾಡಿಯನ್ನು ಒಯ್ದರು. ಅಂದು ದಾರಿಯುದ್ದಕ್ಕೂ ನನಗೆ ಆ ಮುಳ್ಳು ಮಾತ್ರ ಕಾಣುತ್ತಿತ್ತು. ಅದು ತನ್ನ ಜಾಗದಲ್ಲಿ ತಣ್ಣಗೆ ನಿಂತಿತ್ತು. ಚೌಡಾಪುರ ದಾಟಿತು, ಬೇವಿನ ಮರ ಬಂತು. ಇವರು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದರು.

“ಕಾಯ್ದದೇನ್ರಿ?”

“ಇಲ್ಲ.”

ಇಳಿದು ಬೇರಿನ ಮೇಲೆ ಕುಳಿತರು. ನಾನೂ ಕುಳಿತೆ. ಹೊತ್ತು ಇಳಿಯುತ್ತಿತ್ತು. ಬುಡದ ಮಣ್ಣು ಬೆಳಿಗ್ಗೆ ಹುಯ್ದ ಬೇಳೆ ನೀರಿಗೆ ಇನ್ನೂ ತೇವವಾಗಿತ್ತು. ಆ ಮಣ್ಣನ್ನು ಬೆರಳಿನಿಂದ ಮುಟ್ಟುತ್ತ ಕೇಳಿದರು:

“ಆಳಂದದಾಗ ನೀವು ಖಾರ ಭಾಳ ತಿಂತಿದ್ರೇನು?”

“ಹೌದ್ರಿ.”

“ಹೇಳಲೇ ಇಲ್ಲ.”

“ನೀವು ಕೇಳಲೇ ಇಲ್ಲ.”

ಮರುದಿನ ಸಂಜೆ ಅಂಗಡಿಯಿಂದ ಬರುವಾಗ ಇವರ ಕೈಯಲ್ಲಿ ಬಟ್ಟೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು. ಒಳಗೆ ಹಸಿಮೆಣಸಿನಕಾಯಿ. ಬಸ್ಸಿನಿಂದ ಬಂದು ದಣಿವಾರಿಸಿಕೊಳ್ಳುತ್ತಿದ್ದ ಅತ್ತೆ ಆ ವಾಸನೆ ಹಿಡಿದರು. ಸಣ್ಣ ಒರಳನ್ನು ತಾವೇ ನನ್ನ ಮುಂದೆ ಸರಿಸಿ, “ನಮಗ ಸಪ್ಪಾನೇ ಇರ್ಲಿ. ನಿನ್ನ ಪಾಲಿಂದು ಬ್ಯಾರೆ ಕುಟ್ಟಿಕೋ” ಎಂದರು.

ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದೆ. ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ರೂಢಿ ತಪ್ಪಿದ ಬಾಯಿ, ಕಣ್ಣಲ್ಲಿ ನೀರು ಬಂತು, ಹೊಟ್ಟೆ ಧಗಧಗ ಉರಿಯಿತು. ಶಿವನೇ, ಅಷ್ಟು ತಣ್ಣಗೆ ನನ್ನ ಹೊಟ್ಟೆ ಎಂದೂ ಇರಲಿಲ್ಲ.